ಮೂರು ವರ್ಷ ಬಳಸಿದ ಮೇಲೆ: ಎಂಎಂಎ ಪಂದ್ಯಗಳ ಫಲಿತಾಂಶ ಊಹಿಸುವ ಆಪ್

ಈ ಆಪನ್ನು ಫೋನಿಗೆ ಹಾಕಿಕೊಂಡಿದ್ದು 2022ರ ಆಗಸ್ಟ್‌ನಲ್ಲಿ. ಎಂಎಂಎ ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ; ಅದರ ದೊಡ್ಡ ಸಂಸ್ಥೆ ಯುಎಫ್‌ಸಿ. ಆ ತಿಂಗಳೇ ಅವರ ಯುಎಫ್‌ಸಿ 278 ಎಂಬ ಕಾರ್ಯಕ್ರಮ ಇತ್ತು: ಕಮಾರು ಉಸ್ಮಾನ್ ಎದುರು ಲಿಯಾನ್ ಎಡ್ವರ್ಡ್ಸ್. 2015ರಲ್ಲಿ ಇದೇ ಇಬ್ಬರು ಸೆಣಸಿದಾಗ ಉಸ್ಮಾನ್ ಗೆದ್ದಿದ್ದರು. ನಾನು ಎರಡನೇ ಯೋಚನೆಯೇ ಮಾಡದೆ ಸ್ಲೈಡರ್ ಎಳೆದು ಉಸ್ಮಾನ್ ಕಡೆ 85ಕ್ಕೆ ನಿಲ್ಲಿಸಿದೆ, ಅಂದರೆ ಅವರು ಗೆಲ್ಲುವ ಸಂಭವ ಶೇಕಡಾ 85. ಮೊದಲ ರೌಂಡಿನಲ್ಲಿ ಉಸ್ಮಾನ್ ಅವರನ್ನು ಎಡ್ವರ್ಡ್ಸ್ ಕೆಡವಿ ಬೆನ್ನೇರಿದಾಗ ಸ್ವಲ್ಪ ಎದೆ ಹೊಡೆದುಕೊಂಡಿತು. ಆಮೇಲೆ ಮೂರು ರೌಂಡು ಉಸ್ಮಾನ್ ಅವರದೇ ಆಟ. ಐದನೇ ರೌಂಡು ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಎಡ್ವರ್ಡ್ಸ್ ಎಡಗೈ ಚಾಚಿದರು, ಉಸ್ಮಾನ್ ತಲೆ ಪಕ್ಕಕ್ಕೆ ವಾಲಿಸಿದರು, ಆ ತಲೆಗೇ ಎಡಗಾಲಿನ ಒದೆ ಬಂದು ಬಿತ್ತು. ಪಂದ್ಯ ಅಲ್ಲಿಗೇ ಮುಗಿಯಿತು.

ಮಾರನೇ ದಿನ ಆಪ್ ತೆರೆದರೆ ನನ್ನ ಹೆಸರಿನ ಕೆಳಗೆ 0.72 ಎಂದು ಕೆಂಪಕ್ಷರದಲ್ಲಿತ್ತು. ಅದೇನೆಂದು ಹುಡುಕಿ ಓದಲು ಹೋದವನು ಇವತ್ತಿನವರೆಗೂ ಈ ಆಪ್ ಬಿಟ್ಟಿಲ್ಲ.

ಅದಕ್ಕೆ ಬ್ರಯರ್ ಸ್ಕೋರ್ ಎನ್ನುತ್ತಾರೆ. ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞರು 1950ರಲ್ಲಿ ಮಳೆಯ ಮುನ್ಸೂಚನೆಗಳನ್ನು ಅಳೆಯಲು ಕೊಟ್ಟ ಲೆಕ್ಕ. ನೀವು ಹೇಳಿದ ಸಂಭವಕ್ಕೂ ನಿಜವಾಗಿ ಆದದ್ದಕ್ಕೂ ಇರುವ ಅಂತರವನ್ನು ಅದರಿಂದಲೇ ಗುಣಿಸುವುದು, ಅಷ್ಟೇ. ಆದದ್ದಕ್ಕೆ 1, ಆಗದ್ದಕ್ಕೆ 0. 85, ಅಂದರೆ 0.85 ಹೇಳಿ ಗೆದ್ದರೆ ಅಂತರ 0.15, ಸ್ಕೋರ್ 0.02; ಸೋತರೆ ಅಂತರ 0.85, ಸ್ಕೋರ್ 0.72. ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲ್ಲ ಪಂದ್ಯಕ್ಕೂ ಕಣ್ಣು ಮುಚ್ಚಿಕೊಂಡು 50 ಹಾಕುತ್ತಾ ಹೋದರೆ ನಿಮ್ಮ ಸರಾಸರಿ ಯಾವತ್ತೂ 0.25. ಅಂದರೆ 0.25ಕ್ಕಿಂತ ಹೆಚ್ಚು ಬಂದಿದೆ ಎಂದರೆ, ಏನೂ ಗೊತ್ತಿಲ್ಲದವನಿಗಿಂತ ನಾವು ಹಿಂದೆ ಬಿದ್ದಿದ್ದೇವೆ ಎಂದರ್ಥ. ಮೊದಲ ಆರು ತಿಂಗಳು ನಾನು ಅಲ್ಲಿಯೇ ಇದ್ದೆ. ಹತ್ತು ವರ್ಷದಿಂದ ಒಂದು ಕಾರ್ಡೂ (ಒಂದು ದಿನದ ಪಂದ್ಯಗಳ ಸರಣಿ) ಬಿಡದೆ ನೋಡುತ್ತಿದ್ದವನಿಗೆ ಅದನ್ನು ಅರಗಿಸಿಕೊಳ್ಳುವುದು ಸುಲಭವಾಗಲಿಲ್ಲ.

ಕಾರಣ ಆಪ್‌ನ ಇನ್ನೊಂದು ಪುಟದಲ್ಲಿತ್ತು. ನೀವು 60 ಹಾಕಿದ ಪಂದ್ಯಗಳೆಲ್ಲ ಒಂದು ಕಡೆ, 70 ಹಾಕಿದವೆಲ್ಲ ಒಂದು ಕಡೆ, ಹೀಗೆ ಗುಂಪು ಮಾಡಿ ಪ್ರತಿ ಗುಂಪಿನಲ್ಲೂ ಎಷ್ಟು ಸರಿಯಾದವು ಎಂದು ತೋರಿಸುತ್ತದೆ. ನನ್ನ 60ರ ಗುಂಪು ಚೆನ್ನಾಗಿಯೇ ಇತ್ತು. 80ರ ಗುಂಪಿನಲ್ಲಿ ಹತ್ತಕ್ಕೆ ಎಂಟು ಬರಬೇಕಾದಲ್ಲಿ ಆರರ ಹತ್ತಿರ ನಿಂತಿತ್ತು. ಯಾರು ಗೆಲ್ಲುತ್ತಾರೆ ಎಂಬುದು ನನಗೆ ತಕ್ಕಮಟ್ಟಿಗೆ ಗೊತ್ತಾಗುತ್ತಿತ್ತು. ಎಷ್ಟು ಖಚಿತ ಎಂಬುದರಲ್ಲಿ ಎಡವುತ್ತಿದ್ದೆ. ಈ ಆಟದಲ್ಲಿ ಹಾಗೆ ಎಡವುವುದು ಸುಲಭ. ಕೈಗೆ ತೆಳ್ಳನೆಯ ಗ್ಲೌಸು, ಒಂದೇ ಪೆಟ್ಟಿಗೆ ಪಂದ್ಯ ಮುಗಿಯಬಹುದು, ಒಂದು ಕ್ಷಣ ಕತ್ತು ಕೊಟ್ಟರೆ ಸಾಕು. ಗೆದ್ದೇ ಗೆಲ್ಲುತ್ತಾರೆ ಎನಿಸಿದ ಚಾಂಪಿಯನ್‌ಗಳೇ ಸೋತಿದ್ದಾರೆ. 2007ರಲ್ಲಿ ಜಾರ್ಜ್ ಸೇಂಟ್ ಪಿಯೆರ್ ಅವರನ್ನು ಮ್ಯಾಟ್ ಸೆರಾ ಮೊದಲ ರೌಂಡಿನಲ್ಲೇ ಮುಗಿಸಿದರು. 2015ರಲ್ಲಿ ಹಾಲಿ ಹೋಮ್ ಅವರ ಒದೆಗೆ ರಾಂಡಾ ರೌಸಿ ಉರುಳಿದರು. 2021ರಲ್ಲಿ ಜೂಲಿಯಾನಾ ಪೆನ್ಯಾ ಎದುರು ಅಮಾಂಡಾ ನೂನೆಸ್ ಟ್ಯಾಪ್ ಮಾಡಿ ಸೋಲೊಪ್ಪಿಕೊಂಡರು. ಇವೆಲ್ಲ ನೋಡಿಯೂ ನಾನು 85, 90 ಎಂದು ಎಳೆಯುತ್ತಿದ್ದೆ.

ಆಪ್ ತಾನೂ ಒಂದು ಶೇಕಡಾ ಹೇಳುತ್ತದೆ. ಚೆಸ್‌ನ ಈಲೋ ರೇಟಿಂಗ್ ಮಾದರಿಯ (ಗೆದ್ದರೆ ಏರುವ, ಸೋತರೆ ಇಳಿಯುವ) ಅಂಕ, ನಿಮಿಷಕ್ಕೆ ಎಷ್ಟು ಪೆಟ್ಟು ತಗುಲುತ್ತವೆ, ಎಷ್ಟು ತಗುಲಿಸಿಕೊಳ್ಳುತ್ತಾರೆ, ಟೇಕ್‌ಡೌನ್ (ನೆಲಕ್ಕೆ ಕೆಡವುವ ಪಟ್ಟು) ಎಷ್ಟು ತಡೆಯುತ್ತಾರೆ, ವಯಸ್ಸು, ಕೈಯಳತೆ ಇವನ್ನೆಲ್ಲ ಸೇರಿಸಿದ ಲೆಕ್ಕ. ಒಟ್ಟಾರೆ ನನಗಿಂತ ಅದೇ ಮುಂದಿದೆ, ಒಪ್ಪುತ್ತೇನೆ. ಆದರೆ ಹಿಂದಿನ ಪಂದ್ಯಗಳ ಅಂಕಿಅಂಶ ಕಡಿಮೆ ಇದ್ದಲ್ಲಿ ಅದು ನಂಬುವಂಥದ್ದಲ್ಲ. ಬೇರೆ ಸಂಸ್ಥೆಗಳಿಂದ ಹೊಸದಾಗಿ ಬಂದು ಮೊದಲ ಪಂದ್ಯ ಆಡುವವರ ಮುಂದೆಯೂ 63.42 ಎಂದು ಎರಡು ದಶಾಂಶದವರೆಗೆ ಬರೆಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ತೋರಿಸುವುದು ತಪ್ಪು. ಎರಡು ಸಲ ಬರೆದು ತಿಳಿಸಿದೆ, ಬದಲಾಗಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಕೊನೇ ಗಳಿಗೆಯ ಬದಲಾವಣೆಗಳದ್ದು. 2023ರ ಅಕ್ಟೋಬರ್‌ನಲ್ಲಿ ಇಸ್ಲಾಂ ಮಖಾಚೆವ್ ಎದುರು ಚಾರ್ಲ್ಸ್ ಒಲಿವೇರಾ ಆಡಬೇಕಿತ್ತು. ತಾಲೀಮಿನಲ್ಲಿ ಹುಬ್ಬಿನ ಹತ್ತಿರ ಗಾಯವಾಗಿ ಹಿಂದೆ ಸರಿದರು. ಎರಡು ವಾರವೂ ಇಲ್ಲದಾಗ ಅಲೆಕ್ಸಾಂಡರ್ ವೋಲ್ಕನೋವ್ಸ್ಕಿ ಒಪ್ಪಿಕೊಂಡರು. ಒಲಿವೇರಾ ಎದುರು ನಾನು ಹಾಕಿದ್ದ 65 ಏನಾಗಬೇಕಿತ್ತು? ರದ್ದಾಗಬೇಕಿತ್ತು. ಆಪ್ ಅದನ್ನು ಹಾಗೇ ಎತ್ತಿ ವೋಲ್ಕನೋವ್ಸ್ಕಿ ಪಂದ್ಯಕ್ಕೆ ಅಂಟಿಸಿಬಿಟ್ಟಿತು, ನನಗೊಂದು ಮಾತೂ ಹೇಳಲಿಲ್ಲ. ಅದರ ಸ್ವಂತ ಶೇಕಡಾವೂ ಅಷ್ಟೇ. ಅದೇ ವರ್ಷ ಫೆಬ್ರವರಿಯಲ್ಲಿ ಮಖಾಚೆವ್ ಮತ್ತು ವೋಲ್ಕನೋವ್ಸ್ಕಿ ಪಂದ್ಯ ಜಿದ್ದಾಜಿದ್ದಿಯಾಗಿ ತೀರ್ಪಿನವರೆಗೆ ಹೋಗಿತ್ತಲ್ಲ, ಆಪ್ ಇದನ್ನೂ ಅದೇ ತಕ್ಕಡಿಯಲ್ಲಿ ತೂಗಿತು. ಪೂರ್ತಿ ತಾಲೀಮಿಲ್ಲದೆ ಬಂದಿದ್ದಾರೆ ಎಂಬುದಕ್ಕೆ ಅದರ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಮಖಾಚೆವ್ ಮೊದಲ ರೌಂಡಿನಲ್ಲೇ ತಲೆಗೆ ಒದ್ದು ಮುಗಿಸಿದರು. ಹಾಗಂತ ತಡವಾಗಿ ಬಂದವರೆಲ್ಲ ಸೋಲುತ್ತಾರೆ ಎಂದೇನಿಲ್ಲ. 2016ರಲ್ಲಿ ನೇಟ್ ಡಿಯಾಜ್ 11 ದಿನ ಇದ್ದಾಗ ಒಪ್ಪಿಕೊಂಡು ಕಾನರ್ ಮೆಕ್‌ಗ್ರೆಗರ್ ಅವರನ್ನು ಸೋಲಿಸಿದರು. ಯಾವುದು ಯಾವಾಗ ಎಂದು ತೂಗಿ ನೋಡುವುದು ಬಳಸುವವರ ಕೆಲಸ; ಎದುರಾಳಿ ಬದಲಾಗಿದ್ದಾರೆ ಎಂದು ತಿಳಿಸುವುದು ಆಪ್‌ನ ಕೆಲಸ. ಈಗ ಸೂಚನೆ ಬರುತ್ತದೆ, ಹಳೆಯ ಊಹೆಯೂ ಅಳಿಸಿಹೋಗುತ್ತದೆ. ಸರಿಪಡಿಸಲು ಒಂದು ವರ್ಷದ ಮೇಲೆ ತೆಗೆದುಕೊಂಡರು.

ಆಡುವವರು ತೂಕದ ಮಿತಿ ತಪ್ಪಿದಾಗಲೂ ಹೀಗೆಯೇ. ಹಿಂದಿನ ದಿನ ತೂಕ ನೋಡುವಾಗ ಸಾಮಾನ್ಯ ಪಂದ್ಯಕ್ಕೆ ಒಂದು ಪೌಂಡ್ ರಿಯಾಯಿತಿ ಇದೆ, ಪ್ರಶಸ್ತಿ ಪಂದ್ಯಕ್ಕೆ ಇಲ್ಲ. 2022ರ ಮೇನಲ್ಲಿ ಅರ್ಧ ಪೌಂಡ್ ಹೆಚ್ಚಿದ್ದರೆಂದು ಒಲಿವೇರಾ ಅವರ ಪಟ್ಟವೇ ಹೋಯಿತು. ಮಾರನೇ ದಿನ ಜಸ್ಟಿನ್ ಗೇಚಿ ಅವರನ್ನು ಮೊದಲ ರೌಂಡಿನಲ್ಲಿ ಕತ್ತು ಬಿಗಿದು ಸೋಲಿಸಿದರು. ಅರ್ಧ ಪೌಂಡ್ ಹೆಚ್ಚಿರುವುದು ಬೇರೆ, ತೂಕ ಇಳಿಸಲು ಹೋಗಿ ನಿಲ್ಲಲೂ ಆಗದೆ ತಕ್ಕಡಿ ಹತ್ತುವುದು ಬೇರೆ. ಆಪ್‌ಗೆ ಎರಡೂ ಒಂದೇ ಗುರುತು.

ಡ್ರಾ ಎಂಬುದಕ್ಕೆ ಇಲ್ಲಿ ಆಯ್ಕೆಯೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಲೆಕ್ಸಾ ಗ್ರಾಸೋ ಮತ್ತು ವ್ಯಾಲೆಂಟಿನಾ ಶೆವ್‌ಚೆಂಕೋ ಪಂದ್ಯದಲ್ಲಿ ಒಬ್ಬ ಜಡ್ಜ್ ಒಬ್ಬರ ಕಡೆ, ಇನ್ನೊಬ್ಬರು ಇನ್ನೊಬ್ಬರ ಕಡೆ ಕೊಟ್ಟರು. ಮೂರನೆಯವರು ಕೊನೆಯ ರೌಂಡನ್ನು, ಸಾಮಾನ್ಯವಾಗಿ ಕೊಡುವ 10-9ರ ಬದಲು, 10-8 ಎಂದು ಬರೆದು 47-47 ಮಾಡಿದರು. ಆ ಪಂದ್ಯದಲ್ಲಿ ಯಾರ ಕಡೆ ಹಾಕಿದ್ದವರಿಗೂ ಆಪ್ ತಪ್ಪು ಎಂದೇ ಬರೆದುಕೊಂಡಿತು. ಅಪರೂಪದ ಸಂಗತಿ, ದೊಡ್ಡದು ಮಾಡುವುದಿಲ್ಲ.

ನನಗೆ ಈ ಆಪ್ ಇಷ್ಟವಾಗಿರುವುದು ಒಂದೇ ಒಂದು ಸಣ್ಣ ಸೌಲಭ್ಯಕ್ಕೆ: ಊಹೆಯ ಕೆಳಗೆ ಕಾರಣ ಬರೆಯಲು ಒಂದು ಖಾಲಿ ಜಾಗ. ಕಾರ್ಡಿನ ಮೊದಲ ಪಂದ್ಯ ಶುರುವಾದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ, ಅಳಿಸಲೂ ಬರುವುದಿಲ್ಲ. 2023ರಲ್ಲಿ ಸಿಡ್ನಿಯಲ್ಲಿ ಇಸ್ರೇಲ್ ಅಡೆಸಾನ್ಯಾ ಎದುರು ಶಾನ್ ಸ್ಟ್ರಿಕ್‌ಲ್ಯಾಂಡ್ ಆಡಿದಾಗ ನಾನು ಅಡೆಸಾನ್ಯಾ ಕಡೆ 80 ಹಾಕಿದ್ದೆ. ಸ್ಟ್ರಿಕ್‌ಲ್ಯಾಂಡ್ ಮೊದಲ ರೌಂಡಿನಲ್ಲೇ ಅವರನ್ನು ಬಲಗೈಯಿಂದ ಕೆಡವಿದರು, ಕೊನೆಗೆ ಮೂವರು ಜಡ್ಜ್‌ಗಳೂ 49-46 ಕೊಟ್ಟರು. ಪಂದ್ಯ ಮುಗಿದ ಮೇಲೆ ನನ್ನ ಟಿಪ್ಪಣಿ ತೆರೆದು ಓದಿದೆ. ನಾನೇ ಬರೆದಿದ್ದೆ: ‘ಸ್ಟ್ರಿಕ್‌ಲ್ಯಾಂಡ್ ಹಿಂದೆ ಹೆಜ್ಜೆ ಇಡುವವರಲ್ಲ. ಬರುವ ಪೆಟ್ಟನ್ನು ಕೈಯಲ್ಲೇ ತಡೆಯುತ್ತಾ ಮುಂದೆ ಬರುತ್ತಾರೆ. ಅಡೆಸಾನ್ಯಾಗೆ ದೂರ ಸಿಗದಿದ್ದರೆ ಕಷ್ಟ.’ ಪಂದ್ಯ ಹೇಗೆ ನಡೆಯಿತೋ ಹಾಗೇ ಬರೆದಿದ್ದೆ! ಬರೆದೂ 80 ಹಾಕಿದ್ದೆ. ಕಣ್ಣಿಗೆ ಕಂಡದ್ದನ್ನು ನಂಬದೆ ಹೆಸರನ್ನು ನಂಬಿದ್ದೆ. ಟಿಪ್ಪಣಿ ಇಲ್ಲದಿದ್ದರೆ ‘ಯಾರಿಗೂ ಗೊತ್ತಿರಲಿಲ್ಲ ಬಿಡು’ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಂದೆ ಹೋಗುತ್ತಿದ್ದೆ.

ಆಮೇಲಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಸೋಲುತ್ತಾರೆ ಎನಿಸಿದವರು ಗೆಲ್ಲುವುದಾದರೆ ಹೇಗೆ ಗೆಲ್ಲಬಹುದು ಎಂದು ಬರೆಯುತ್ತೇನೆ, ಆಮೇಲೆಯೇ ಸ್ಲೈಡರ್ ಮುಟ್ಟುವುದು. ಬರೆದದ್ದು ಸುಲಭವಾಗಿ ನಡೆಯುವಂಥದ್ದಾಗಿದ್ದರೆ 70 ದಾಟುವುದಿಲ್ಲ. ಮೂರು ರೌಂಡಿನ ಪಂದ್ಯವೋ ಐದು ರೌಂಡಿನದೋ ಎಂದು ನೋಡುತ್ತೇನೆ. ಅಖಾಡ ಯಾವುದು ಎಂದೂ ನೋಡುತ್ತೇನೆ. ಲಾಸ್ ವೇಗಸ್‌ನಲ್ಲಿ ಯುಎಫ್‌ಸಿಯ ಸ್ವಂತ ಸಭಾಂಗಣವಾದ ಅಪೆಕ್ಸ್‌ನಲ್ಲಿ 25 ಅಡಿಯದು, ದೊಡ್ಡ ಕ್ರೀಡಾಂಗಣಗಳಲ್ಲಿ 30 ಅಡಿಯದು. ಓಡಾಡಿ ಹೊಡೆಯುವವರಿಗೆ ಚಿಕ್ಕದರಲ್ಲಿ ಜಾಗ ಸಾಲದು. ಈ ಒಂದೂವರೆ ವರ್ಷದಿಂದ ನನ್ನ ಸರಾಸರಿ 0.25ರ ಕೆಳಗೇ ಇದೆ.

ನನಗೆ ಕೋಪ ಬಂದಿರುವುದು ಬೆಟ್ಟಿಂಗ್ ವಿಷಯಕ್ಕೆ. ಎರಡನೇ ವರ್ಷದಿಂದ ಪ್ರತಿ ಪಂದ್ಯದ ಪಕ್ಕದಲ್ಲಿ ಬೆಟ್ಟಿಂಗ್ ದರ ತೋರಿಸಲು ಶುರುಮಾಡಿದರು. ಪಂದ್ಯದ ದಿನ ‘ಅವಕಾಶ ತಪ್ಪಿಸಿಕೊಳ್ಳಬೇಡಿ’ ಎಂದು ಗಂಟೆಗೊಂದು ಸೂಚನೆ. ದರದಲ್ಲೇ ಇರುವ ಲೆಕ್ಕವನ್ನು ಮಾತ್ರ ಎಲ್ಲೂ ವಿವರಿಸುವುದಿಲ್ಲ. ಒಬ್ಬರ ದರ 1.50 (ಒಂದು ರೂಪಾಯಿ ಕಟ್ಟಿದರೆ, ಅವರು ಗೆದ್ದಾಗ ಒಂದೂವರೆ ವಾಪಸ್), ಇನ್ನೊಬ್ಬರದು 2.60 ಎಂದುಕೊಳ್ಳಿ. ನೂರನ್ನು ಅವುಗಳಿಂದ ಭಾಗಿಸಿದರೆ ದರದ ಪ್ರಕಾರ ಇಬ್ಬರೂ ಗೆಲ್ಲುವ ಸಂಭವ ಸುಮಾರು 66.7 ಮತ್ತು 38.5, ಕೂಡಿದರೆ 105ಕ್ಕೂ ಹೆಚ್ಚು. ನೂರರ ಮೇಲಿನ ಆ ಐದು ದರ ಇಡುವವರ ಪಾಲು, ಯಾರು ಗೆದ್ದರೂ ಸರಿ. ಊಹೆ ಚೆನ್ನಾಗಿದ್ದರೂ ಆ ಐದನ್ನು ದಾಟಿ ದುಡ್ಡು ಮಾಡುವುದು ಬಹಳ ಕಷ್ಟ ಎಂದು ಈ ಆಪ್‌ನ ಅಂಕಿಗಳೇ ಹೇಳುತ್ತವೆ. ಅದೇ ಆಪ್ ಹೊಸಬರನ್ನು ಆ ಕಡೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಈ ಕಾರಣಕ್ಕೆ ಒಂದು ನಕ್ಷತ್ರ, ಎದುರಾಳಿ ಬದಲಾದಾಗಿನ ತಾಪತ್ರಯಕ್ಕೆ ಅರ್ಧ ಕಳೆದು ಐದಕ್ಕೆ ಮೂರೂವರೆ ಕೊಡುತ್ತೇನೆ. ಹಣ ಕಟ್ಟುವ ಆವೃತ್ತಿ ಬೇಡ. ಟಿಪ್ಪಣಿ, ಗುಂಪು ಮಾಡಿ ತೋರಿಸುವ ಪುಟ ಎರಡೂ ಉಚಿತದಲ್ಲೇ ಇವೆ.

ಹಾಕಿಕೊಂಡ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಕೆಲಸ ಮಾಡಿ. ಬೆಟ್ಟಿಂಗ್ ದರ ಮತ್ತು ಅದರ ಸೂಚನೆಗಳನ್ನು ಆಫ್ ಮಾಡಿ. ‘ನನ್ನ ಊಹೆ ದಾಖಲಾಗುವವರೆಗೆ ಆಪ್‌ನ ಶೇಕಡಾ ಮುಚ್ಚಿಡು’ ಎಂಬುದನ್ನು ಆನ್ ಮಾಡಿ. ಇದು ತೀರಾ ಕೆಳಗಿದೆ, ನನಗೆ ಸಿಕ್ಕಿದ್ದು ಎರಡನೇ ವರ್ಷದಲ್ಲಿ. ಅಲ್ಲಿಯವರೆಗೆ ಆಪ್ 72 ಅಂದರೆ ನಾನು 74 ಹಾಕುತ್ತಿದ್ದೆ, ಅದನ್ನು ನನ್ನದೇ ಊಹೆ ಎಂದುಕೊಂಡಿದ್ದೆ.