ಮಂಗಳೂರಿನಿಂದ ತುಮಕೂರಿಗೆ ಯುಗಾದಿ ಪ್ರಯಾಣ: ಚಾರ್ಮಾಡಿಯೋ, ಶಿರಾಡಿಯೋ?

ಹಬ್ಬಕ್ಕೆ ಮಂಗಳೂರಿನಿಂದ ತುಮಕೂರಿಗೆ ಕಾರಿನಲ್ಲಿ ಬರುವವರಿಗೆ ಮುಖ್ಯವಾಗಿ ಎರಡು ದಾರಿ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ಬರುವುದು ಒಂದು. ಚಾರ್ಮಾಡಿ ಹತ್ತಿ ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು ಮೇಲೆ ಬರುವುದು ಇನ್ನೊಂದು. ಎರಡೂ 300 ಕಿ.ಮೀ. ದಾಟುತ್ತವೆ. ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಮಡಿಕೇರಿ, ಮೈಸೂರು ಸುತ್ತಿ ಬರುವ ಸಂಪಾಜೆ ದಾರಿಯೂ ಇದೆ. ತುಮಕೂರಿಗೆ ಅದು ಸುಮ್ನೆ ಸುತ್ತು, ಅದನ್ನು ಬಿಟ್ಟೇ ಬರೆಯುತ್ತೇನೆ.

ನಮ್ಮಿಬ್ಬರ ಕೆಲಸ ಮಂಗಳೂರಿನಲ್ಲಿ. ನಮ್ಮನೆಯವರ ಊರು ತುಮಕೂರು, ನನ್ನ ತವರು ತಿಪಟೂರು. ಕರಾವಳಿಯವರಿಗೆ ಹೊಸ ವರ್ಷ ಅಂದರೆ ಏಪ್ರಿಲ್‌ನ ಬಿಸು. ನಮ್ಮ ಕಡೆ ಚಾಂದ್ರಮಾನ ಯುಗಾದಿ. 2025ರಲ್ಲಿ ಅದು ಮಾರ್ಚ್ 30ರ ಭಾನುವಾರ ಬಂತು, ಮರುದಿನವೇ ರಂಜಾನ್ ರಜೆ. ಶನಿವಾರ ಬೆಳಗಿನ ಜಾವ ಹೊರಟು ಚಾರ್ಮಾಡಿ ಹತ್ತಿದೆವು. ಸೋಮವಾರ ಹೊಸತೊಡಕಿನ ಊಟ ಮುಗಿಸಿಕೊಂಡು ಶಿರಾಡಿ ಇಳಿದೆವು. ಮುಂಚೆಯೂ ಎರಡೂ ಕಡೆ ಓಡಾಡಿದ್ದೇವೆ. ಆದರೆ ಒಂದೇ ರಜೆಯಲ್ಲಿ ಎರಡನ್ನೂ ನೋಡಿದಾಗ ಯಾವುದು ಯಾವುದಕ್ಕೆ ಸರಿ ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ಬಿ.ಸಿ. ರೋಡ್‌ವರೆಗೆ ಎರಡೂ ಒಂದೇ ದಾರಿ. ಅಲ್ಲಿಂದ ಕಲ್ಲಡ್ಕ, ಉಪ್ಪಿನಂಗಡಿ ಹಿಡಿದರೆ ಶಿರಾಡಿ. ಬೆಳ್ತಂಗಡಿ, ಉಜಿರೆ ಹಿಡಿದರೆ ಚಾರ್ಮಾಡಿ. ಆಗ ಎರಡೂ ಕಡೆ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು, ಎರಡೂ ಕಡೆ ಧೂಳು. ಕಲ್ಲಡ್ಕದ ಕಡೆ ಹೋದರೆ ಅಲ್ಲಿನ ಕೆ.ಟಿ. ಕುಡಿಯಬಹುದು. ಹಾಲು, ಡಿಕಾಕ್ಷನ್ ಪದರ ಪದರವಾಗಿ ನಿಲ್ಲುವ ಆ ಚಹಾಕ್ಕಾಗಿಯೇ ಕಾರು ನಿಲ್ಲಿಸುವವರಿದ್ದಾರೆ.

ನಿಜವಾದ ವ್ಯತ್ಯಾಸ ಇರುವುದು ಘಾಟಿಯಲ್ಲಿ. ಮಂಗಳೂರಿನ ಬಂದರಿನಿಂದ ಬೆಂಗಳೂರಿಗೆ ಹೋಗುವ ಸರಕು ಹೆಚ್ಚಾಗಿ ಹತ್ತುವುದು ಶಿರಾಡಿಯನ್ನೇ. ಕಂಟೇನರ್ ಲಾರಿ, ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್, ರಾತ್ರಿಯಾದರೆ ಸಾಲು ಸಾಲು ಬಸ್ಸು. ಗುಂಡ್ಯ ದಾಟಿ ಒಂದು ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು, ಮಾರನಹಳ್ಳಿವರೆಗೂ ಅದರ ಬಾಲ ಹಿಡಿದೇ ಹೋಗಬೇಕು. ತಿರುವಿನಲ್ಲಿ ಓವರ್‌ಟೇಕ್ ಮಾಡುವ ಧೈರ್ಯ ನಮಗಿಬ್ಬರಿಗೂ ಬೇಡ. ಚಾರ್ಮಾಡಿಯಲ್ಲಿ ಈ ಕಾಟ ಇಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಹಾಳಾದ ಮೇಲೆ ಭಾರಿ ವಾಹನಗಳನ್ನು ಅಲ್ಲಿ ತಡೆದರು. ದಾರಿ ಕಿರಿದು, ತಿರುವು ಜಾಸ್ತಿ, ಆದರೂ ನಮ್ಮ ವೇಗ ನಮ್ಮ ಕೈಯಲ್ಲೇ ಇರುತ್ತದೆ.

ಹಬ್ಬದ ರಜೆಯಲ್ಲಿ ಇನ್ನೊಂದು ಲೆಕ್ಕ ಇದೆ. ಬೆಂಗಳೂರಿನ ಕಡೆಯವರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಇಳಿಯುವುದು ಇದೇ ಎರಡು ಘಾಟಿಗಳಲ್ಲಿ. ರಜೆ ಶುರುವಾದಾಗ ಅವರು ಇಳಿಯುತ್ತಾರೆ, ನಾವು ಹತ್ತುತ್ತೇವೆ. ರಜೆ ಮುಗಿದಾಗ ಅವರು ಹತ್ತುತ್ತಾರೆ, ನಾವು ಇಳಿಯುತ್ತೇವೆ. ನಮ್ಮ ಸಾಲು ಖಾಲಿ, ನಿಜ. ಆದರೆ ಎದುರಿನವರು ಅವಸರದಲ್ಲಿ ನಮ್ಮ ಸಾಲಿಗೇ ನುಗ್ಗುತ್ತಾರೆ. ಚಾರ್ಮಾಡಿಯ ತಿರುವುಗಳಲ್ಲಿ ಇದು ಅಪಾಯ. ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ಉಜಿರೆ ದಾಟಿಬಿಡಬೇಕು. ಪೆಟ್ರೋಲ್ ಅಲ್ಲೇ ತುಂಬಿಸಿಕೊಳ್ಳಿ. ಮೇಲೆ ಫೋನ್ ಸಿಗ್ನಲ್ ನಂಬಬೇಡಿ.

ಮಳೆಗಾಲದ ಫೋಟೊ ನೋಡಿ ಚಾರ್ಮಾಡಿಗೆ ಬಂದವರಿಗೆ ಮಾರ್ಚ್‌ನಲ್ಲಿ ನಿರಾಸೆ ಆಗಬಹುದು. ಬಂಡೆ ಮೇಲೆ ನೀರಿನ ಗೆರೆ ಮಾತ್ರ ಉಳಿದಿರುತ್ತದೆ, ಗುಡ್ಡದ ಹುಲ್ಲು ಒಣಗಿರುತ್ತದೆ. ನನಗೆ ಆ ಕಂದು ಗುಡ್ಡಗಳೂ ಇಷ್ಟ. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಕೈ ಮುಗಿದು ಮುಂದೆ ಹೋಗುವುದು ಈ ದಾರಿಯವರ ರೂಢಿ, ನಾವೂ ಹಾಗೇ ಮಾಡುತ್ತೇವೆ. ಘಾಟಿ ಮುಗಿದರೆ ಕೊಟ್ಟಿಗೆಹಾರ. ಅಲ್ಲಿನ ನೀರ್‌ದೋಸೆ ಹೆಸರುವಾಸಿ. ತಿರುವಿಗೆ ಹೊಟ್ಟೆ ತೊಳೆಸುವವರು ತಿಂಡಿಯನ್ನು ಕೆಳಗೆ ತಿನ್ನದೆ ಇಲ್ಲಿಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಅಲ್ಲಿಂದ ಮೂಡಿಗೆರೆವರೆಗೆ ಕಾಫಿ ತೋಟ. ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡದ ತುಂಬಾ ಬಿಳಿ ಹೂ ಬರುತ್ತದೆ, ಕೆಲವೇ ದಿನ ಇದ್ದು ಉದುರುತ್ತದೆ. ಎ.ಸಿ. ಆರಿಸಿ ಕಿಟಕಿ ಇಳಿಸಿದೆವು. ಮಲ್ಲಿಗೆಯಂಥ ಪರಿಮಳ ಕಾರಿನೊಳಗೆ ತುಂಬಿತು. ಇಬ್ಬರೂ ಮಾತು ನಿಲ್ಲಿಸಿ ಬಹಳ ದೂರ ಹಾಗೇ ಹೋದೆವು. ಶಿರಾಡಿ ಕಡೆಯೂ ಸಕಲೇಶಪುರದ ಸುತ್ತ ಕಾಫಿ ಇದೆ. ಆದರೆ ಅಲ್ಲಿ ಲಾರಿ ಹೊಗೆಗೆ ಕಿಟಕಿ ಇಳಿಸುವ ಮನಸ್ಸಾಗುವುದಿಲ್ಲ.

ಬೇಲೂರು, ಹಳೇಬೀಡು ದಾರಿಯಲ್ಲೇ ಸಿಗುತ್ತವೆ. 2023ರಲ್ಲಿ ಇವೆರಡೂ ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿ ಸೇರಿದವು. ಹಬ್ಬಕ್ಕೆ ಮನೆ ಸೇರುವ ದಿನ ಒಳಗೆ ಹೋಗಬೇಡಿ, ಅರ್ಧ ದಿನ ಹೋಗುತ್ತದೆ. ಜಾವಗಲ್, ಬಾಣಾವರ ದಾಟುವಾಗ ಮಲೆನಾಡು ಪೂರ್ತಿ ಹಿಂದೆ ಉಳಿದು ಹೊಂಗೆ ಚಿಗುರು, ತೆಂಗಿನ ತೋಟ ಶುರು. ಅಲ್ಲಿಂದ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ಹೆದ್ದಾರಿ. ತಿಪಟೂರಿನಲ್ಲಿ ಮಧ್ಯಾಹ್ನದ ಊಟ ಅಮ್ಮನ ಮನೆಯಲ್ಲಿ. ಕುಣಿಗಲ್ ಮೇಲೆ ಬಂದಿದ್ದರೆ ತುಮಕೂರು ಮುಟ್ಟಿ, ಮತ್ತೆ 70 ಕಿ.ಮೀ. ಮೇಲೆ ತವರಿಗೆ ಬಂದು, ಅಷ್ಟೇ ದೂರ ವಾಪಸ್ ಹೋಗಬೇಕಿತ್ತು. ಎರಡು ದಿನದ ರಜೆಯಲ್ಲಿ ಅದು ಆಗುವ ಮಾತಲ್ಲ.

ಇನ್ನು ಶಿರಾಡಿಯ ಪರವಾಗಿ ಹೇಳಬೇಕಾದದ್ದು ಇದೆ. ಕುಣಿಗಲ್‌ನಿಂದ ಹಾಸನದವರೆಗೆ ನಡುವೆ ವಿಭಜಕ ಇರುವ ಅಗಲ ಹೆದ್ದಾರಿ. ಟೋಲ್ ಜಾಸ್ತಿ, ಆದರೆ ಕತ್ತಲಲ್ಲೂ ಕಣ್ಣಿಗೆ ಆಯಾಸ ಕಡಿಮೆ. ಹೆಣ್ಣುಮಕ್ಕಳಿಗೆ ಮುಖ್ಯವಾದದ್ದು ಶೌಚಾಲಯ. ಈ ದಾರಿಯಲ್ಲಿ ದೊಡ್ಡ ಹೋಟೆಲುಗಳಿವೆ, ಸ್ವಚ್ಛವಾಗಿರುತ್ತವೆ. ಚಾರ್ಮಾಡಿ ದಾರಿಯಲ್ಲಿ ಉಜಿರೆ ಬಿಟ್ಟರೆ ಕೊಟ್ಟಿಗೆಹಾರದವರೆಗೆ ನನಗೆ ನೆಮ್ಮದಿಯ ಜಾಗ ಸಿಕ್ಕಿಲ್ಲ. ತುಮಕೂರಿನಿಂದ ಗೂಳೂರು, ಹೆಬ್ಬೂರು ಮೇಲೆ ಕುಣಿಗಲ್‌ವರೆಗಿನ ತುಂಡು ಮಾತ್ರ ಹಂಪ್‌ಗಳಿಂದ ನಿಧಾನ.

ಹಾಗಾಗಿ ನಮ್ಮದು ಈಗ ಇದೇ ಕ್ರಮ: ಬೆಳಿಗ್ಗೆ ಹತ್ತುವುದು ಚಾರ್ಮಾಡಿ, ಸಂಜೆ ಇಳಿಯುವುದು ಶಿರಾಡಿ. ಸಂಜೆ ಕತ್ತಲಲ್ಲಿ ಚಾರ್ಮಾಡಿ ಇಳಿಯುವುದಕ್ಕೆ ನಾನು ಒಪ್ಪುವುದಿಲ್ಲ. ಗುಬ್ಬಿ, ತಿಪಟೂರು ಕಡೆಯವರಿಗೂ ಇದನ್ನೇ ಹೇಳುತ್ತೇನೆ. ಕುಣಿಗಲ್, ತುರುವೇಕೆರೆಯವರಾದರೆ ಎರಡೂ ಸಲ ಶಿರಾಡಿಯೇ ಸರಿ. ಚಾರ್ಮಾಡಿ ಬಂದ್ ಆದ ದಿನ ತಿಪಟೂರಿಗೆ ಹೋಗಲೇಬೇಕಿದ್ದರೆ, ಶಿರಾಡಿ ಹತ್ತಿ ಹಾಸನದಲ್ಲಿ ಅರಸೀಕೆರೆ ಕಡೆ ತಿರುಗಿ ಬಿ.ಎಚ್. ರಸ್ತೆ ಸೇರಿಕೊಳ್ಳಬಹುದು.