ಮಕ್ಕಳ ಉತ್ತರ ಪತ್ರಿಕೆಯಿಂದ ಶುರುವಾದ ತರಬೇತಿ: ಒಂದು ವರ್ಷ ಬಳಸಿ ನೋಡಿದ ಮೇಲೆ

ನಾನು ಗಣಿತ ಟೀಚರ್. ಹದಿನಾಲ್ಕು ವರ್ಷದಲ್ಲಿ ಎಷ್ಟು ತರಬೇತಿಗೆ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಸರ್ಟಿಫಿಕೇಟ್‌ಗಳು ಮಾತ್ರ ಒಂದು ಫೈಲ್ ತುಂಬ ಇವೆ. ಕಳೆದ ವರ್ಷ ನಮ್ಮ ಶಾಲೆಯ ಐದು ಜನ ಶಿಕ್ಷಕರು ಸೇರಿ ಒಂದು ಸಂಸ್ಥೆಯ ಸೇವೆ ತೆಗೆದುಕೊಂಡೆವು. ಶಿಕ್ಷಕರು ವರ್ಷವಿಡೀ ಏನು ಕಲಿಯಬೇಕು, ಹೇಗೆ ಕಲಿಯಬೇಕು ಅಂತ ಯೋಜನೆ ಮಾಡಿಸುವ ಸೇವೆ ಅದು. ಒಂದು ಯೋಜನಾ ಪುಸ್ತಕ ಕೊಡುತ್ತಾರೆ, ಒಂದು ಆ್ಯಪ್ ಇದೆ, ಪ್ರತಿಯೊಬ್ಬರಿಗೂ ಒಬ್ಬ ಮೆಂಟರ್ ಇರುತ್ತಾರೆ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ನನ್ನ ದೂರುಗಳೂ ಇವೆ, ಮತ್ತೆ ಇಂಥ ಸೇವೆಗಳು ಈಗ ಬೇಕಾದಷ್ಟಿವೆ, ಯಾವುದಕ್ಕೆ ಸೇರುವವರಿಗಾದರೂ ಇದು ಉಪಯೋಗಕ್ಕೆ ಬರಲಿ ಅಂತ.

ಮೊದಲ ದಿನ ನಾನು ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಸ್ಮಾರ್ಟ್ ಬೋರ್ಡ್ ಬಳಸುವುದು, ಆಟದ ಮೂಲಕ ಗಣಿತ, ಪ್ರಶ್ನೆಪತ್ರಿಕೆ ತಯಾರಿ, ಹೀಗೆ ಏಳೆಂಟು ವಿಷಯ. ಮೆಂಟರ್ ಅದನ್ನು ಪೂರ್ತಿ ಓದಿದರು. ಆಮೇಲೆ ಮಡಚಿ ನನಗೇ ವಾಪಸ್ ಕೊಟ್ಟರು. "ಇದನ್ನ ಆಮೇಲೆ ನೋಡೋಣ ಮೇಡಂ. ಮೊದಲು ಹತ್ತು ಮಕ್ಕಳ ಉತ್ತರ ಪತ್ರಿಕೆ ತನ್ನಿ. ಚೆನ್ನಾಗಿ ಬರೆದವರದು ಬೇಡ, ತಪ್ಪು ಮಾಡಿದವರದು ತನ್ನಿ" ಅಂದರು.

ತಂದೆ. ಭಿನ್ನರಾಶಿಯ ಘಟಕ ಪರೀಕ್ಷೆಯದು. ಹತ್ತರಲ್ಲಿ ಏಳು ಪತ್ರಿಕೆಗಳಲ್ಲಿ ½ + ⅓ ಕೂಡಿಸಿ ಅನ್ನುವ ಲೆಕ್ಕಕ್ಕೆ 2/5 ಅಂತ ಉತ್ತರ ಇತ್ತು. ಮೇಲಿನ ಅಂಶಗಳನ್ನು ಕೂಡಿಸಿದ್ದಾರೆ, ಕೆಳಗಿನ ಛೇದಗಳನ್ನು ಕೂಡಿಸಿದ್ದಾರೆ. ನಾನು ಏಳಕ್ಕೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆ' ಅಂತ ಬರೆದಿದ್ದೆ. ಮೆಂಟರ್ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಅರ್ಧಕ್ಕೆ ಇನ್ನೂ ಒಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗಲ್ಲ ಅಂತ ಈ ಮಗುವಿಗೆ ಗೊತ್ತಿದೆಯಾ?" 2/5 ಅಂದರೆ ಅರ್ಧಕ್ಕಿಂತ ಕಡಿಮೆ, ಅಲ್ವಾ? ನಾನು ಆ ಪ್ರಶ್ನೆಯನ್ನು ತರಗತಿಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಲ.ಸಾ.ಅ. ತೆಗೆಯುವುದನ್ನು ಎಷ್ಟು ಸಲ ಹೇಳಿಕೊಟ್ಟರೂ ಮತ್ತೆ ಅದೇ ತಪ್ಪು ಬರುತ್ತಿದ್ದದ್ದು ಇದಕ್ಕೇ. ಆ ಮಕ್ಕಳ ಪಾಲಿಗೆ ⅓ ಅನ್ನುವುದು ಒಂದು ಸಂಖ್ಯೆಯೇ ಆಗಿರಲಿಲ್ಲ. ಗೆರೆಯ ಮೇಲೊಂದು, ಕೆಳಗೊಂದು, ಎರಡು ಬೇರೆ ಬೇರೆ ಸಂಖ್ಯೆ, ಅಷ್ಟೇ.

ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ. ಯೋಜನಾ ಪುಸ್ತಕದ ಮೊದಲ ಪುಟದಲ್ಲಿ ತರಬೇತಿ ಅನ್ನುವ ಪದವೇ ಇಲ್ಲ. ಯಾವ ಮಕ್ಕಳು? ಅವರಿಗೆ ಈಗ ಏನು ಬರುತ್ತಿಲ್ಲ? ವರ್ಷದ ಕೊನೆಗೆ ಏನು ಬರಬೇಕು? ಬಂದಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಇಷ್ಟು ತುಂಬಿಸಿದ ಮೇಲೆ ಎರಡನೇ ಪುಟ. ಇದಕ್ಕಾಗಿ ತರಗತಿಯಲ್ಲಿ ನಾನು ಏನನ್ನು ಬೇರೆ ರೀತಿ ಮಾಡಬೇಕು? ಅದನ್ನು ಮಾಡಲು ಶಾಲೆಯಿಂದ ಏನು ಸಿಗಬೇಕು? ನಾನು ಏನು ಕಲಿಯಬೇಕು? ಯಾವ ಕೋರ್ಸ್, ಯಾವ ಕಾರ್ಯಾಗಾರ ಅನ್ನುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಇದು ಅಮೆರಿಕದ ಶಿಕ್ಷಣ ಸಂಶೋಧಕ ಥಾಮಸ್ ಗಸ್ಕಿ ಅವರ ದಾರಿ. ಶಿಕ್ಷಕರ ತರಬೇತಿಯನ್ನು ಐದು ಹಂತದಲ್ಲಿ ಅಳೆಯಬೇಕು ಅಂತ ಅವರು 2000ದಲ್ಲಿ ಬರೆದರು. ಬಂದವರಿಗೆ ಹಿಡಿಸಿತೇ, ಏನಾದರೂ ಕಲಿತರೇ, ಶಾಲೆ ಬೆಂಬಲ ಕೊಟ್ಟಿತೇ, ತರಗತಿಯಲ್ಲಿ ಬಳಸಿದರೇ, ಮಕ್ಕಳಿಗೆ ಪ್ರಯೋಜನ ಆಯಿತೇ. ಅಳೆಯುವುದು ಒಂದರಿಂದ ಐದಕ್ಕೆ, ಯೋಜನೆ ಮಾಡುವುದು ಐದರಿಂದ ಒಂದಕ್ಕೆ. ನಾನು ಇದುವರೆಗೆ ಹೋದ ತರಬೇತಿಗಳೆಲ್ಲ ಮೊದಲ ಹಂತದಲ್ಲೇ ನಿಂತಿದ್ದವು. ಕೊನೆಯಲ್ಲಿ ಒಂದು ಫಾರಂ ಕೊಡುತ್ತಿದ್ದರು, ನಾವು 'ಉತ್ತಮವಾಗಿತ್ತು' ಅಂತ ಟಿಕ್ ಹಾಕಿ ಬರುತ್ತಿದ್ದೆವು.

ಗುರಿ ಬರೆಯುವುದು ಸುಲಭ ಅಂದುಕೊಂಡಿದ್ದೆ. 'ಭಿನ್ನರಾಶಿಯಲ್ಲಿ ಮಕ್ಕಳ ಸಾಧನೆ ಹೆಚ್ಚಿಸುವುದು' ಅಂತ ಬರೆದೆ, ವಾಪಸ್ ಬಂತು. 'ಶೇ. 90 ಮಕ್ಕಳು ಪಾಸಾಗುವುದು' ಅಂತ ಬರೆದೆ, ಅದೂ ವಾಪಸ್. ಮೂರನೇ ಸಲ ಸ್ಟಾಫ್ ರೂಮಿನಲ್ಲಿ ಒಂದು ಗಂಟೆ ಕೂತು ಬರೆದದ್ದು ಹೀಗಿತ್ತು: ಎರಡು ಭಿನ್ನರಾಶಿ ಕೊಟ್ಟರೆ ಮಕ್ಕಳು ಸಂಖ್ಯಾರೇಖೆಯ ಮೇಲೆ ಅಂದಾಜಿನಲ್ಲಿ ಗುರುತಿಸಿ, ಯಾವುದು ದೊಡ್ಡದು, ಯಾಕೆ ದೊಡ್ಡದು ಅಂತ ಬಾಯಲ್ಲಿ ಹೇಳಬೇಕು. ಇದು ಪಾಸಾಯಿತು. ಆ ಒಂದು ವಾಕ್ಯ ಸಿಕ್ಕ ಮೇಲೆ ಉಳಿದದ್ದು ತಾನಾಗಿಯೇ ತೆರೆದುಕೊಂಡಿತು. ನನಗೆ ಸ್ಮಾರ್ಟ್ ಬೋರ್ಡ್ ತರಬೇತಿ ಬೇಕಿರಲಿಲ್ಲ. ಸಂಖ್ಯಾರೇಖೆಯಲ್ಲಿ ಭಿನ್ನರಾಶಿ ಕಲಿಸುವುದು ಹೇಗೆ, ಮಕ್ಕಳನ್ನು ಮಾತಾಡಿಸುವುದು ಹೇಗೆ, ಈ ಎರಡು ಬೇಕಿತ್ತು.

ಮಾತಾಡಿಸುವುದು ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೆಂಟರ್ ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕೈಯಲ್ಲಿ ಒಂದು ಸ್ಟಾಪ್‌ವಾಚ್, ಮುಂದೆ ಒಂದು ಹಾಳೆ. ನಾನು ಪ್ರಶ್ನೆ ಕೇಳಿ ಮುಗಿಸಿದಾಗಿನಿಂದ ಮತ್ತೆ ನಾನೇ ಬಾಯಿ ತೆರೆಯುವವರೆಗೆ ಎಷ್ಟು ಹೊತ್ತು, ಅಷ್ಟನ್ನೇ ಬರೆದುಕೊಂಡರು. ಪೀರಿಯಡ್ ಮುಗಿದ ಮೇಲೆ ಹಾಳೆ ತೋರಿಸಿದರು. ಬಹುತೇಕ ಕಡೆ ಒಂದು ಸೆಕೆಂಡ್, ಕೆಲವು ಕಡೆ ಅದೂ ಇಲ್ಲ. ನಾನು ಮಕ್ಕಳಿಗೆ ಯೋಚಿಸಲು ಸಮಯ ಕೊಡುವ ಟೀಚರ್ ಅಂತಲೇ ನಂಬಿದ್ದೆ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿದ್ದಾರಂತೆ. ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, 'ಗೊತ್ತಿಲ್ಲ' ಅನ್ನುವುದು ಕಡಿಮೆಯಾಗುತ್ತದೆ. ಮೂರು ಸೆಕೆಂಡ್ ಅಂದರೆ ಏನು ಮಹಾ ಅನಿಸಬಹುದು. ತರಗತಿಯ ಮುಂದೆ ಸುಮ್ನೆ ನಿಂತು ನೋಡಿ, ಎಷ್ಟು ದೀರ್ಘ ಅಂತ ಗೊತ್ತಾಗುತ್ತದೆ. ನಾನು ಮನಸ್ಸಲ್ಲೇ ಎಣಿಸುವುದನ್ನು ರೂಢಿ ಮಾಡಿಕೊಳ್ಳಲು ಎರಡು ತಿಂಗಳು ಬೇಕಾಯಿತು.

ಇನ್ನೊಂದು ಒಳ್ಳೆಯ ಭಾಗ, ಜಪಾನಿನ ಶಾಲೆಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಪಾಠ ಅಧ್ಯಯನದ ಪದ್ಧತಿ. ಮೂವರು ಸೇರಿ ಒಂದೇ ಪಾಠ ಯೋಜಿಸುವುದು, ಒಬ್ಬರು ಪಾಠ ಮಾಡುವುದು, ಉಳಿದ ಇಬ್ಬರು ಮಕ್ಕಳನ್ನು ಗಮನಿಸುವುದು. ಟೀಚರ್ ಕಡೆ ನೋಡುವ ಹಾಗೇ ಇಲ್ಲ. ನನ್ನ ಪಾಠದ ದಿನ ಸಹೋದ್ಯೋಗಿಯೊಬ್ಬರು ಮೂರನೇ ಸಾಲಿನ ಒಬ್ಬ ಹುಡುಗಿಯನ್ನೇ ನೋಡುತ್ತಾ ಕೂತಿದ್ದರು. ಅವಳು ಮೊದಲಿಂದಲೂ ಮಾತು ಕಮ್ಮಿ, ನೋಟ್‌ಬುಕ್ ಯಾವಾಗಲೂ ಅರ್ಧ ಖಾಲಿ, ಗಣಿತ ಬರಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಸಹೋದ್ಯೋಗಿ ಬರೆದುಕೊಂಡಿದ್ದು ಇಷ್ಟು: ಟೀಚರ್ ಆ ಸಾಲಿಗೆ ಬರುವ ಹೊತ್ತಿಗೆ ಹುಡುಗಿ ರಬ್ಬರ್ ತೆಗೆದು ಉತ್ತರ ಅಳಿಸುತ್ತಾಳೆ. ಮೂರು ಸಲ ಅಳಿಸಿದಳು. ಮೂರರಲ್ಲಿ ಎರಡು ಸಲ ಉತ್ತರ ಸರಿ ಇತ್ತು.

ಅದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಆ ಸಾಲಿನಲ್ಲಿ ಕೆಂಪು ಪೆನ್ ಹಿಡಿದು ಓಡಾಡುವುದನ್ನು ನಿಲ್ಲಿಸಿದೆ.

ಇನ್ನು ದೂರುಗಳು. ಮೊದಲನೆಯದು ಆ್ಯಪ್. ಪುಸ್ತಕದಲ್ಲಿ ಗುರಿಯನ್ನು ಮಾತಿನಲ್ಲಿ ಬರೆಸುವ ಅದೇ ಸಂಸ್ಥೆಯ ಆ್ಯಪ್‌ನಲ್ಲಿ ಶೇಕಡಾವಾರು ತುಂಬದೆ ಮುಂದಿನ ಪುಟ ತೆರೆಯುವುದೇ ಇಲ್ಲ. ಯಾವ ಆಧಾರವೂ ಇಲ್ಲದೆ 80 ಅಂತ ಹಾಕಬೇಕಾಯಿತು. ಮಕ್ಕಳಿಗೆ ಈಗ ಎಷ್ಟು ಬರುತ್ತದೆ ಅಂತ ಸರಿಯಾಗಿ ನೋಡುವ ಮೊದಲೇ ಸಂಖ್ಯೆ ಕೇಳಿದರೆ ಶಿಕ್ಷಕರು ಸುರಕ್ಷಿತವಾದ ಒಂದು ಸಂಖ್ಯೆ ಹಾಕಿ ಮುಗಿಸುತ್ತಾರೆ, ಆಮೇಲೆ ಆ ಸಂಖ್ಯೆಗೆ ತಕ್ಕಂತೆ ಸುಲಭದ ಪ್ರಶ್ನೆಪತ್ರಿಕೆ ತಯಾರಾಗುತ್ತದೆ. ಇದು ಸಣ್ಣ ತಪ್ಪಲ್ಲ, ಇಡೀ ಯೋಜನೆಯ ಜೀವವನ್ನೇ ತೆಗೆಯುವ ತಪ್ಪು.

ಎರಡನೆಯದು ಸಮಯ. 'ಶಾಲೆಯಿಂದ ಏನು ಸಿಗಬೇಕು' ಅನ್ನುವ ಪುಟ ಪುಸ್ತಕದಲ್ಲಿದೆ, ಆದರೆ ಅದನ್ನು ಹಿಡಿದು ಮುಖ್ಯ ಶಿಕ್ಷಕರ ಹತ್ತಿರ ಮಾತಾಡುವವರು ಸಂಸ್ಥೆಯಲ್ಲಿ ಯಾರೂ ಇಲ್ಲ. ಮೊದಲ ಎರಡು ಸಲ ನಾವು ಒಬ್ಬರ ಪಾಠ ಒಬ್ಬರು ನೋಡಲು ಇಟ್ಟುಕೊಂಡ ಪೀರಿಯಡ್, ರಜೆ ಹಾಕಿದ ಶಿಕ್ಷಕರ ತರಗತಿ ನೋಡಿಕೊಳ್ಳುವುದಕ್ಕೇ ಹೋಯಿತು. ಕೊನೆಗೆ ಐವರೂ ಒಟ್ಟಿಗೆ ಹೋಗಿ ಕೇಳಿದೆವು. "ವಾರಕ್ಕೆ ಒಂದು ಪೀರಿಯಡ್ ಐದೂ ಜನಕ್ಕೆ ಒಟ್ಟಿಗೆ ಬಿಡುವು ಮಾಡಿಕೊಡಿ ಸರ್, ಅದನ್ನ ಬೇರೆ ಯಾವುದಕ್ಕೂ ತೆಗೆದುಕೊಳ್ಳಬೇಡಿ" ಅಂದೆವು. ಅವರು ಟೈಮ್‌ಟೇಬಲ್ ಬದಲಿಸಿಕೊಟ್ಟರು, ಅದಕ್ಕೆ ಅವರಿಗೆ ಧನ್ಯವಾದ. ಸಮಯದ ವಿಷಯ ನಾನು ಸುಮ್ನೆ ಎತ್ತುತ್ತಿಲ್ಲ. 2007ರಲ್ಲಿ ಅಮೆರಿಕದಲ್ಲಿ ಯೂನ್ ಅನ್ನುವ ಸಂಶೋಧಕರು ಮತ್ತು ಸಂಗಡಿಗರು ಶಿಕ್ಷಕರ ತರಬೇತಿಯ ಬಗೆಗಿನ 1,300ಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿದರು, ಪುರಾವೆಯ ಮಟ್ಟ ಮುಟ್ಟಿದ್ದು 9 ಮಾತ್ರ. ಅವುಗಳಲ್ಲಿ 14 ಗಂಟೆಗಿಂತ ಹೆಚ್ಚು ನಡೆದ ತರಬೇತಿಗಳೇ ಮಕ್ಕಳ ಕಲಿಕೆಯಲ್ಲಿ ಸ್ಪಷ್ಟ ಫಲ ತೋರಿಸಿದ್ದು. ಒಂದು ದಿನದ ಕಾರ್ಯಾಗಾರದಿಂದ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ನಮ್ಮದು ಎಲ್ಲಾ ಸೇರಿ 40 ಗಂಟೆ ಆಯಿತು, ಅದರಲ್ಲಿ ಹೆಚ್ಚಿನದು ನಮ್ಮ ಶಾಲೆಯೊಳಗೇ.

ಮೂರನೆಯ ದೂರು, ಅರ್ಧ ವರ್ಷದಲ್ಲಿ ನನ್ನ ಮೆಂಟರ್ ಬದಲಾದರು. ಹೊಸಬರು ಒಳ್ಳೆಯ ಮನುಷ್ಯರೇ, ಆದರೆ ಭಾಷೆ ಕಲಿಸಿದವರು. "ಮಕ್ಕಳನ್ನ ಪ್ರೋತ್ಸಾಹಿಸಿ, ಚಟುವಟಿಕೆ ಜಾಸ್ತಿ ಮಾಡಿಸಿ" ಅನ್ನುವುದರಾಚೆ ಅವರಿಂದ ನನಗೆ ಸಿಗಲಿಲ್ಲ. 2/5 ಯಾಕೆ ಬರುತ್ತದೆ ಅಂತ ಕಾಣಬೇಕಾದರೆ ಭಿನ್ನರಾಶಿ ಕಲಿಸಿದ ಅನುಭವ ಬೇಕು. ಬದಲಿಸಿಕೊಡಿ ಅಂತ ಬರೆದೆ, ಮೂರು ವಾರ ಬಿಟ್ಟು ಉತ್ತರ ಬಂತು. ದೈಹಿಕ ಶಿಕ್ಷಕರಿಗೆ, ಚಿತ್ರಕಲೆಯವರಿಗೆ ಪುಸ್ತಕದಲ್ಲಿ ಒಂದೂ ಉದಾಹರಣೆ ಇಲ್ಲ, ಅದೂ ಸರಿಯಲ್ಲ.

ಫಲಿತಾಂಶ ಏನು ಅಂತ ಕೇಳುತ್ತೀರಿ. ನನ್ನ ತರಗತಿಯಲ್ಲಿ 38 ಮಕ್ಕಳು. ವರ್ಷದ ಶುರುವಿನಲ್ಲಿ ⅓ ಮತ್ತು ¼ರಲ್ಲಿ ಯಾವುದು ದೊಡ್ಡದು ಅಂದಾಗ 23 ಮಕ್ಕಳು ¼ ಅಂದಿದ್ದರು, ಮೂರಕ್ಕಿಂತ ನಾಲ್ಕು ದೊಡ್ಡದು ಅಂತ. ಕೊನೆಯಲ್ಲಿ ಹಾಗೆ ಅಂದವರು 6. ಆ ಆರು ಮಕ್ಕಳ ಹೆಸರು ಮುಂದಿನ ವರ್ಷದ ಟೀಚರ್ ಕೈಗೆ ಹೋಗಿದೆ, ಯಾರಿಗೆ ಎಲ್ಲಿ ತೊಡಕು ಅಂತ ಬರೆದು. ನಮ್ಮ ಐವರಲ್ಲಿ ಹಿರಿಯರೊಬ್ಬರು "ಇದೆಲ್ಲ ಹೊಸ ಹೆಸರಿನ ಹಳೇ ತರಬೇತಿ" ಅಂತ ಶುರುವಿನಲ್ಲಿ ಬೇಸರಿಸಿಕೊಂಡಿದ್ದರು. ಯಾರ ಮಾತಿಗೂ ಅವರು ಬದಲಾಗಲಿಲ್ಲ. ತಮ್ಮದೇ ಮಕ್ಕಳು ಬರೆದ ಎರಡು ಹಾಳೆ, ಮೊದಲಿನದು ಮತ್ತು ಈಗಿನದು, ಅಕ್ಕಪಕ್ಕ ಇಟ್ಟು ನೋಡಿದ ದಿನ ಬದಲಾದರು. ಗಸ್ಕಿ 1986ರಲ್ಲೇ ಹೇಳಿದ್ದಾರೆ, ಶಿಕ್ಷಕರ ನಂಬಿಕೆ ಬದಲಾಗುವುದು ಮಕ್ಕಳಲ್ಲಿ ಫಲ ಕಂಡ ಮೇಲೆ ಅಂತ. ಕಣ್ಣಾರೆ ನೋಡಿದೆ.

5ಕ್ಕೆ ಮೂರೂವರೆ ಕೊಡುತ್ತೇನೆ. ಪುಸ್ತಕಕ್ಕೆ ಮತ್ತು ಮೊದಲ ಮೆಂಟರ್‌ಗೆ ಪೂರ್ತಿ ಐದು, ಆ್ಯಪ್‌ಗೆ ಒಂದು. ಇಂಥ ಸೇವೆಗೆ ಸೇರುವ ಮೊದಲು ಕೇಳಲೇಬೇಕಾದದ್ದು: ಮೆಂಟರ್ ನನ್ನ ವಿಷಯ ಕಲಿಸಿದವರೇ, ತರಗತಿಗೆ ಎಷ್ಟು ಸಲ ಬರುತ್ತಾರೆ, ನಮ್ಮ ಮುಖ್ಯ ಶಿಕ್ಷಕರ ಜೊತೆ ಕೂತು ಸಮಯದ ಬಗ್ಗೆ ಮಾತಾಡುತ್ತಾರೆಯೇ. ಮೂರಕ್ಕೂ ನೇರ ಉತ್ತರ ಬರದಿದ್ದರೆ ಬಿಡಿ. ಒಬ್ಬರೇ ಸೇರುವುದಕ್ಕಿಂತ ಇಬ್ಬರು ಮೂವರು ಸಹೋದ್ಯೋಗಿಗಳ ಜೊತೆ ಸೇರಿ.

ಈ ವರ್ಷ ಆ್ಯಪ್ ಬಿಟ್ಟಿದ್ದೇವೆ, ಪುಸ್ತಕ ಮುಂದುವರಿಸಿದ್ದೇವೆ. ಹೊಸ ತರಗತಿಯ ಹತ್ತು ಪತ್ರಿಕೆ ಮೊನ್ನೆ ತೆಗೆದು ಕೂತೆ. 0.8ಕ್ಕಿಂತ 0.35 ದೊಡ್ಡದು ಅಂತ ಆರು ಮಕ್ಕಳು ಬರೆದಿದ್ದಾರೆ, ಒಬ್ಬ ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದಾನೆ: '35 ಜಾಸ್ತಿ ಟೀಚರ್'. ಮೊದಲ ಪುಟ ತುಂಬಿಸಲು ಶುರು ಮಾಡಿದ್ದೇನೆ.