ತೋಟದ ಮನೆಗೆ ಹೊರ ಆಂಟೆನಾದ 4ಜಿ ರೌಟರ್: ಒಂದು ಮಳೆಗಾಲ ಬಳಸಿದ ನಂತರ

ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆಗೆ ಹೋಗುವ ದಾರಿಯಲ್ಲಿ, ಮೂರು ಕಡೆ ಗುಡ್ಡಗಳಿರುವ ತಗ್ಗಿನಲ್ಲಿ ನಮ್ಮ ಮನೆಯಿದೆ. ಕಾಫಿಗೆ ನೆರಳಾಗಲೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳು ಹೆಂಚಿನ ಮಾಡಿಗಿಂತ ಎಷ್ಟೋ ಎತ್ತರಕ್ಕೆ ಹೋಗಿರುವುದರಿಂದ, ಮನೆಯೊಳಗೆ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಕಂಡರೂ ಮಾತಿನ ನಡುವೆಯೇ ಅದು ಹೋಗಿಬಿಡುತ್ತಿತ್ತು. ಬ್ಯಾಂಕಿನ ಒಟಿಪಿಗಾಗಿ ನನ್ನ ತಾಯಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಡೆ ಹಿಡಿದು ಕಾಫಿ ಕಣದ ಆಚೆ ತುದಿಗೆ ಹೋಗಿ ನಿಲ್ಲುತ್ತಿದ್ದರು. ಮರಳಿ ಬಂದು ಜಗಲಿಯಲ್ಲಿ ಕುಳಿತು ಕಾಲಿಗೆ ಹತ್ತಿದ ಜಿಗಣೆಗಳಿಗೆ ಉಪ್ಪು ಹಾಕುತ್ತಿದ್ದುದನ್ನು ನೋಡಿ, ಇದಕ್ಕೊಂದು ದಾರಿ ಹುಡುಕಲೇಬೇಕೆಂದು ನಿಶ್ಚಯಿಸಿದೆ.

ಹಲವರು ಸಿಗ್ನಲ್ ಬೂಸ್ಟರ್, ಅಂದರೆ ಟವರಿನ ಸಿಗ್ನಲನ್ನು ಬಲಪಡಿಸಿ ಮತ್ತೆ ಹರಡುವ ಸಾಧನ, ಹಾಕಿಸಲು ಹೇಳಿದರು. ಆದರೆ ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳನ್ನು ಬಿಟ್ಟು ಖಾಸಗಿಯವರು ಬೂಸ್ಟರ್ ಅಳವಡಿಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಅಲ್ಲದೆ ಅದು ಹೊರಡಿಸುವ ಬೇಡದ ಸಿಗ್ನಲ್‌ಗಳ ಗದ್ದಲ ಟವರಿಗೆ ತಲುಪಿ ಅಕ್ಕಪಕ್ಕದವರ ಕರೆಗಳೂ ಕೆಡುತ್ತವೆ. ಆದ್ದರಿಂದ ಸಿಮ್ ಹಾಕಿದರೆ ಮನೆಗೆ ವೈಫೈ ಕೊಡುವ 4ಜಿ ರೌಟರ್ ಹಾಗೂ ಅದಕ್ಕೆ ಜೋಡಿಸುವ, ಒಂದೇ ದಿಕ್ಕಿಗೆ ಮುಖ ಮಾಡುವ ಹೊರ ಆಂಟೆನಾವನ್ನು ಕೊಂಡೆ. ಎಲ್ಲ ಸೇರಿ ಸುಮಾರು 9,000 ರೂಪಾಯಿ ಆಯಿತು.

ಆಂಟೆನಾವನ್ನು ನೀರಿನ ಟ್ಯಾಂಕಿನ ಪಕ್ಕ ಜಿಐ ಪೈಪಿಗೆ ಬಿಗಿದು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಸಿಗ್ನಲ್ ಬಲವನ್ನು ಬರೆದುಕೊಳ್ಳಲು ಒಂದು ಇಡೀ ಬೆಳಿಗ್ಗೆ ಹಿಡಿಯಿತು. ಮನೆಯೊಳಗೆ ಮೈನಸ್ 118 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇದ್ದದ್ದು ಕೊನೆಗೆ ಮೈನಸ್ 97ಕ್ಕೆ ಬಂದಿತು. ಚೆನ್ನಾಗಿ ಹಿಡಿದದ್ದು ಹತ್ತಿರದ ಟವರನ್ನಲ್ಲ, ಎರಡು ಗುಡ್ಡಗಳ ನಡುವಿನ ಸಂದಿಯಿಂದ ನೇರವಾಗಿ ಕಾಣುವ ದೂರದ ಟವರನ್ನು. ನಾನು ಎಡವಿದ್ದು ಕೇಬಲಿನಲ್ಲಿ. ಅಂಗಡಿಯವರು ಕೊಟ್ಟ 15 ಮೀಟರ್ ತೆಳು ಕೇಬಲ್ ಆಂಟೆನಾ ಹಿಡಿದ ಬಹುಪಾಲನ್ನು ದಾರಿಯಲ್ಲೇ ನುಂಗುತ್ತಿತ್ತು. ಪ್ರತಿ 3 ಡೆಸಿಬಲ್ ನಷ್ಟಕ್ಕೆ ಸಿಗ್ನಲಿನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ರೌಟರನ್ನೇ ಅಟ್ಟಕ್ಕೆ ಏರಿಸಿ, 5 ಮೀಟರಿನ ದಪ್ಪ ಕೇಬಲ್ ಹಾಕಿದ ಮೇಲೆಯೇ ಮೇಲಿನ ಅಂಕಿ ಬಂದದ್ದು. 4ಜಿಗೆ ಎರಡು ಕೇಬಲ್‌ಗಳು ಬೇಕು. ಒಂದನ್ನೇ ಜೋಡಿಸಿದರೆ ವೇಗ ಕಡಿಮೆಯಾಗುತ್ತದೆ.

ಈಗ ಬೆಳಗಿನ ಹೊತ್ತು 14 ಎಂಬಿಪಿಎಸ್‌ವರೆಗೆ ಸಿಗುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ (ವೈಫೈ ಮೂಲಕವೇ ಕರೆ ಬರುವ ವ್ಯವಸ್ಥೆ) ಆನ್ ಮಾಡಿದ್ದರಿಂದ ಕರೆಗಳೂ ಒಟಿಪಿಯೂ ಅಡುಗೆಮನೆಗೇ ಬರುತ್ತವೆ. ಸಂಜೆ ಮತ್ತು ಪ್ರವಾಸಿಗರು ತುಂಬುವ ವಾರಾಂತ್ಯಗಳಲ್ಲಿ ವೇಗ 3 ಎಂಬಿಪಿಎಸ್‌ಗೆ ಇಳಿಯುತ್ತದೆ, ಏಕೆಂದರೆ ಟವರಿನ ಸಾಮರ್ಥ್ಯವನ್ನು ಎಲ್ಲರೂ ಹಂಚಿಕೊಳ್ಳಬೇಕು. ಅದಕ್ಕೆ ಆಂಟೆನಾ ಏನೂ ಮಾಡಲಾರದು.

ದೊಡ್ಡ ಕೊರತೆ ಬೇರೆಯೇ ಇದೆ. ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ ನಮ್ಮ ಇನ್ವರ್ಟರಿನಲ್ಲಿ ರೌಟರ್ ನಡೆಯುತ್ತಲೇ ಇತ್ತು, ಆದರೆ ಟವರಿನ ಬ್ಯಾಟರಿ ಮುಗಿದು ಸಿಗ್ನಲ್ಲೇ ಇರಲಿಲ್ಲ. 2018ರ ಆಗಸ್ಟಿನ ಭೂಕುಸಿತವನ್ನು ಕಂಡ ಜಿಲ್ಲೆಯಲ್ಲಿ ಫೋನ್ ಅತ್ಯಂತ ಅಗತ್ಯವಾಗುವ ದಿನವೇ ಹೀಗಾದರೆ ಏನು ಮಾಡುವುದೆಂಬ ಚಿಂತೆ ನನಗೆ ಇಂದಿಗೂ ಇದೆ. ಟವರುಗಳಿಗೆ ಡೀಸೆಲ್ ತಲುಪಿಸುವುದನ್ನು ಕಂಪನಿಗಳು ಮಳೆಗಾಲಕ್ಕೆ ಮೊದಲೇ ಏರ್ಪಾಡು ಮಾಡಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪೈಪಿಗೆ ಅರ್ತಿಂಗ್ ಮಾಡಿಸುವುದನ್ನೂ, ಗುಡುಗು ಕೇಳುವ ಮೊದಲೇ ಕೇಬಲ್ ಬಿಚ್ಚಿಡುವುದನ್ನೂ ಮರೆಯಬಾರದು.

ಕೊಳ್ಳುವ ಮೊದಲು ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿದ ಫೋನನ್ನು ಹಿಡಿದು ಮಾಡಿನ ಎತ್ತರಕ್ಕೆ ಏಣಿ ಹತ್ತಿ ನೋಡಿ. ಅಲ್ಲಿ ಯಾವುದರಲ್ಲೂ ಒಂದು ಕಡ್ಡಿಯೂ ಕಾಣದಿದ್ದರೆ ಈ ಹಣ ಖರ್ಚು ಮಾಡಬೇಡಿ.